ಗುರುಗಳಿಲ್ಲದ ಭಾನುವಾರಗಳು: ಎಡೆದೊರೆ ನಾಡಿನ ಕಥೋಲಿಕ ಮನೆತನಗಳ ಚರಿತ್ರೆಯಿಂದ

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ಸೀಮೆಯನ್ನು ನಮ್ಮ ಹಳೆಯ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿರುವುದರಿಂದ ಆ ಹೆಸರು. ಪಾರಸಿ ಬಲ್ಲವರು ಅದನ್ನೇ ದೋಆಬ್ ಎಂದರು. ಇಂದಿನ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳು ಈ ನಾಡಿನಲ್ಲಿಯೇ ಇವೆ. ಇಲ್ಲಿನ ಕಥೋಲಿಕ ವಿಶ್ವಾಸದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಗುರುಗಳ ಆಗಮನದಿಂದ ಆರಂಭಿಸಿ ಗುರುಗಳ ವರ್ಗಾವಣೆಯಲ್ಲಿ ಮುಗಿಸುತ್ತಾರೆ. ಯಾವ ಸಭೆಯ ಗುರು ಯಾವ ವರ್ಷ ಬಂದರು, ಯಾವ ದೇವಾಲಯಕ್ಕೆ ಯಾರು ಅಸ್ತಿವಾರವಿಟ್ಟರು, ಯಾವ ಧರ್ಮಾಧ್ಯಕ್ಷರು ಆಶೀರ್ವದಿಸಿದರು ಎಂಬುದಿಷ್ಟೇ ಅವರ ವಿಷಯ. ಇಂಥ ಪಟ್ಟಿಗಳು ಬೇಕು. ಆದರೆ ಒಂದು ಸರಳ ಲೆಕ್ಕವನ್ನು ನಾವು ಮಾಡಿ ನೋಡಬೇಕು. ನಾನೂರು ವರ್ಷಗಳಿಗೂ ಹೆಚ್ಚಿನ ಈ ಚರಿತ್ರೆಯಲ್ಲಿ ಗುರುಗಳು ಊರಲ್ಲಿದ್ದ ಭಾನುವಾರಗಳೆಷ್ಟು, ಇಲ್ಲದಿದ್ದ ಭಾನುವಾರಗಳೆಷ್ಟು? ಎರಡನೆಯದೇ ಬಹಳ ದೊಡ್ಡ ಸಂಖ್ಯೆಯಾಗಿರಬೇಕು. ಆ ಭಾನುವಾರಗಳಲ್ಲಿಯೂ, ಅವುಗಳ ನಡುವಣ ಆರಾರು ದಿನಗಳಲ್ಲಿಯೂ ವಿಶ್ವಾಸವನ್ನು ಕಾಯ್ದವರು ಯಾರೆಂಬುದು ಈ ಲೇಖನದ ಪ್ರಶ್ನೆ.

ಪ್ರಶ್ನೆಗೆ ಹೋಗುವ ಮೊದಲು ಮಸ್ಕಿಯ ಬೆಟ್ಟದ ಬಳಿ ಸ್ವಲ್ಪ ನಿಲ್ಲಬೇಕು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಅಲ್ಲಿನ ಬಂಡೆಯೊಂದರ ಮೇಲೆ ಬ್ರಾಹ್ಮೀ ಲಿಪಿಯ ಬರಹವನ್ನು ಕಂಡರು. ದೇವಾನಾಂಪಿಯನೆಂದು ಮಾತ್ರ ಕರೆದುಕೊಳ್ಳುತ್ತಿದ್ದ ಅರಸನು ಅಶೋಕನೇ ಎಂದು ಹೆಸರಿಟ್ಟು ಹೇಳಿದ ಮೊದಲ ಶಾಸನ ಅದು. ಇತಿಹಾಸದ ಪಠ್ಯಪುಸ್ತಕಗಳು ಅದನ್ನು ನೆನೆಯುವುದು ಈ ಕಾರಣಕ್ಕೆ. ನಮಗೆ ಅದರ ಒಕ್ಕಣೆಯೇ ಹೆಚ್ಚು ಮುಖ್ಯ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಗಳಾದವೆಂದೂ, ಧರ್ಮದಲ್ಲಿ ತೊಡಗಿದರೆ ಸಣ್ಣವನಿಗೂ ಆ ಗುರಿ ದಕ್ಕುತ್ತದೆಂದೂ, ಅದು ದೊಡ್ಡವರಿಗೆ ಮಾತ್ರವೆಂದು ಎಣಿಸಬಾರದೆಂದೂ ಅರಸನು ಅಲ್ಲಿ ಹೇಳಿಸಿದ್ದಾನೆ. ಧರ್ಮವು ಮಠದ ಗೋಡೆಯೊಳಗಿನವರ ಸೊತ್ತಲ್ಲ ಎಂಬ ಮಾತು ಈ ಸೀಮೆಯಲ್ಲಿ ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದಲೂ ಕಲ್ಲಿನ ಮೇಲಿದೆ. ಮುಂದೆ ಇದೇ ಪರಿಸರದಲ್ಲಿ ಶರಣರು ಕಾಯಕವನ್ನೇ ಪೂಜೆಯೆಂದರು. ಮಾನ್ವಿಯ ಜಗನ್ನಾಥದಾಸರೂ ಅವರ ಪರಂಪರೆಯ ಇತರ ಹರಿದಾಸರೂ ತತ್ತ್ವವನ್ನು ಕನ್ನಡದ ಹಾಡಾಗಿಸಿ ಮನೆಮನೆಗೆ ತಲುಪಿಸಿದರು. ಕೇಳಿ ಕಲಿಯುವುದು, ಹಾಡಿ ಉಳಿಸಿಕೊಳ್ಳುವುದು, ದುಡಿಮೆಯ ನಡುವೆಯೇ ದೇವರನ್ನು ನೆನೆಯುವುದು ಇಲ್ಲಿನ ಜನರಿಗೆ ಹೊಸ ವಿದ್ಯೆಗಳಲ್ಲ. ಶುಭಸಂದೇಶವು ಬಿದ್ದದ್ದು ಹೀಗೆ ಮೊದಲೇ ಉತ್ತ ನೆಲದಲ್ಲಿ.

ಲಿಂಗಸುಗೂರು ತಾಲೂಕಿನ ಮುದಗಲ್ಲು ಈ ಚರಿತ್ರೆಯ ಮೂಲಸ್ಥಾನ. ಕೋಟೆಯ ಊರು. ಬಹಮನಿ ಮತ್ತು ವಿಜಯನಗರದ ಅರಸರು ಪದೇ ಪದೇ ಕಾದಾಡಿದ ಊರು. ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳ ನೆಪದಲ್ಲಿ 1406ರ ಯುದ್ಧ ನಡೆಯಿತೆಂದು ಫೆರಿಷ್ತಾ ಬರೆದಿದ್ದಾನೆ. ಕಥೆ ಏನೇ ಇರಲಿ, ಯುದ್ಧವಂತೂ ನಿಜ. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ ಕ್ರಿಸ್ತೊವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನು ತನ್ನ ಬಂದೂಕುಗಾರರೊಡನೆ ನೆರವಾದುದನ್ನು ನುನಿಜನು ವಿವರಿಸಿದ್ದಾನೆ. ಅಂದರೆ ದಾಖಲೆಗಳಲ್ಲಿ ಈ ನಾಡಿಗೆ ಬಂದು ಕಾಣಿಸುವ ಮೊದಲ ಕ್ರೈಸ್ತರ ಕೈಯಲ್ಲಿ ಶಿಲುಬೆಯಿರಲಿಲ್ಲ, ಕೋವಿಯಿತ್ತು. ನಮ್ಮ ಮಿಷನ್ ಚರಿತ್ರೆಗಳು ಈ ಸಂಗತಿಯನ್ನು ದಾಟಿಹೋಗುವುದು ಸರಿಯಲ್ಲವೆಂದು ನಮಗೆ ತೋರುತ್ತದೆ.

ಸಂತ ಫ್ರಾನ್ಸಿಸ್ ಝೇವಿಯರರು ಗೋವೆಗೆ ಬಂದದ್ದು 1542ರಲ್ಲಿ. ಮುದಗಲ್ಲಿನ ದೇವಾಲಯವನ್ನು ಯೇಸುಸಭೆಯ ಗುರುಗಳು 1557ಕ್ಕೂ ಮೊದಲೇ ಕಟ್ಟಿದರೆಂಬುದು ಗೆಜೆಟಿಯರುಗಳು ದಾಖಲಿಸಿರುವ ಮಾತು. ಎಂದರೆ ಝೇವಿಯರರು ಬಂದು ಹದಿನೈದು ವರ್ಷ ತುಂಬುವುದರೊಳಗೆ. ತಾಳಿಕೋಟೆಯ ಕಾಳಗ ನಡೆದದ್ದು 1565ರಲ್ಲಿ. ಅದಕ್ಕೆ ಮೊದಲು ಮುದಗಲ್ಲು ಎರಡು ರಾಜ್ಯಗಳ ಗಡಿಯಲ್ಲಿ ಕೈ ಬದಲಾಯಿಸುತ್ತಿದ್ದ ಕೋಟೆ. ಮುಂದೆ ವಿಜಾಪುರದ ಆದಿಲಶಾಹಿಗಳ ಆಳ್ವಿಕೆ ಸ್ಥಿರವಾಯಿತು. ಮೊದಲನೆಯ ಅಲಿ ಆದಿಲಶಾಹನು ಇತರ ಧರ್ಮಗಳ ವಿದ್ವಾಂಸರ ಮಾತು ಕೇಳುವ ಕುತೂಹಲವುಳ್ಳವನಾಗಿದ್ದು, 1560ರ ದಶಕದ ಆರಂಭದಲ್ಲಿ ಗೋವೆಯಿಂದ ಗುರುಗಳನ್ನು ತನ್ನ ದರಬಾರಿಗೆ ಕರೆಸಿಕೊಂಡನು. ಅಕ್ಬರನ ಆಸ್ಥಾನಕ್ಕೆ ಯೇಸುಸಭೆಯವರು ಹೋದದ್ದು 1580ರಲ್ಲಿ. ಅದರ ಪ್ರಸಿದ್ಧಿಯಲ್ಲಿ ವಿಜಾಪುರದ ಈ ಮೊದಲ ಸಂವಾದ ಮರೆಯಾಗಿದೆ. ದರಬಾರಿನ ಸಂವಾದದಿಂದ ಅರಸನೇನೂ ಕ್ರೈಸ್ತನಾಗಲಿಲ್ಲ. ಉಳಿದದ್ದು ಮುದಗಲ್ಲಿನ ಜನಸಾಮಾನ್ಯರ ಮನೆಗಳಲ್ಲಿ ನೆಟ್ಟ ಸಸಿ.

ಈ ಸಸಿಗೆ ನೀರೆರೆಯಬೇಕಾದವರು ಮುಂದಿನ ಎರಡು ಶತಮಾನಗಳಲ್ಲಿ ಏನು ಮಾಡಿದರೆಂಬುದು ಗುರು ಅಭ್ಯರ್ಥಿಗಳು ತಪ್ಪದೆ ಓದಬೇಕಾದ ಅಧ್ಯಾಯ. 1622ರಲ್ಲಿ ರೋಮಿನಲ್ಲಿ ಧರ್ಮಪ್ರಚಾರ ಸಂಸ್ಥೆ ಸ್ಥಾಪನೆಯಾಯಿತು. ಪೋರ್ಚುಗಲ್ಲಿನ ಅರಸನಿಗೆ ಪೋಪರು ಹಿಂದೆಯೇ ಕೊಟ್ಟಿದ್ದ ಪಾದ್ರುವಾದೊ ಹಕ್ಕು ಅದಕ್ಕೆ ಎದುರಾಯಿತು. ಗೋವೆಯ ಬ್ರಾಹ್ಮಣ ಮೂಲದ ಮಾತೇವುಸ್ ದೆ ಕಾಸ್ತ್ರೊ ಗೋವೆಯಲ್ಲಿ ಗುರುಪಟ್ಟ ದೊರೆಯದೆ ರೋಮಿಗೆ ನಡೆದು, ಅಲ್ಲಿ ಗುರುವಾಗಿ, 1637ರಲ್ಲಿ ಧರ್ಮಾಧ್ಯಕ್ಷರಾಗಿ ಮರಳಿದರು. ಲತೀನ್ ವಿಧಿಯಲ್ಲಿ ಭಾರತೀಯ ಧರ್ಮಾಧ್ಯಕ್ಷರಾದವರಲ್ಲಿ ಅವರೇ ಮೊದಲಿಗರು. ಅವರಿಗೆ ಒಪ್ಪಿಸಲಾದ ಪ್ರೇಷಿತ ಪ್ರಾಂತ್ಯದ ಹೆಸರು ಇದಾಲ್ಕಾನ್. ಇದು ಆದಿಲ್ ಖಾನ್ ಎಂಬುದನ್ನು ಪೋರ್ಚುಗೀಸರು ಉಚ್ಚರಿಸಿದ ರೀತಿ. ಅಂದರೆ ವಿಜಾಪುರದ ರಾಜ್ಯ, ಅಂದರೆ ಮುದಗಲ್ಲೂ ಸೇರಿದ ಸೀಮೆ. ಕಾಗದದ ಮೇಲೆ ಎಡೆದೊರೆ ನಾಡಿಗೆ ಒಬ್ಬ ಭಾರತೀಯ ಕುರುಬ ದೊರೆತಿದ್ದರು. ಅವರ ಬಹುಕಾಲ ಕಳೆದದ್ದು ಮಾತ್ರ ಗೋವೆಯ ಗಡಿಯಾಚೆಯ ಡಿಚೋಲಿಯಲ್ಲಿ ಕುಳಿತು ಗೋವೆಯ ಅಧಿಕಾರಿಗಳೊಡನೆ ವ್ಯಾಜ್ಯವಾಡುವುದರಲ್ಲಿ. ತಪ್ಪು ಯಾರದೆಂದು ನಿರ್ಣಯಿಸುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಅವರಿಗಾದ ಅವಮಾನಗಳೂ ಸಣ್ಣವಲ್ಲ. ಆದರೆ ಅಧಿಕಾರ ಯಾರದೆಂಬ ಜಗಳ ನಡೆಯುತ್ತಿದ್ದಾಗ ಮುದಗಲ್ಲಿನ ಮಗುವಿಗೆ ಶಿಲುಬೆಯ ಗುರುತು ಹಾಕುವುದನ್ನು ಕಲಿಸಿದವರು ಯಾರು? ಪಾದ್ರುವಾದೊ ಪಕ್ಷದವರಲ್ಲ, ಧರ್ಮಪ್ರಚಾರ ಸಂಸ್ಥೆಯ ಪಕ್ಷದವರೂ ಅಲ್ಲ.

1686ರಲ್ಲಿ ಔರಂಗಜೇಬನಿಗೆ ವಿಜಾಪುರ ಸೋತಿತು. ಮೊಗಲರು, ಮರಾಠರು, ಹೈದರಾಬಾದಿನ ನಿಜಾಮರು ಒಬ್ಬರಾದ ಮೇಲೊಬ್ಬರು ಈ ನೆಲದ ಕಂದಾಯಕ್ಕೆ ಕೈಚಾಚಿದರು. 1759ರಲ್ಲಿ ಪೋರ್ಚುಗಲ್ ತನ್ನ ಸೀಮೆಗಳಿಂದ ಯೇಸುಸಭೆಯನ್ನು ಹೊರಹಾಕಿತು; 1773ರಲ್ಲಿ ಪೋಪರೇ ಆ ಸಭೆಯನ್ನು ವಿಸರ್ಜಿಸಿದರು. ಗೋವೆಯಿಂದ ಘಟ್ಟ ಹತ್ತಿ, ಬಯಲುಸೀಮೆ ದಾಟಿ ಮುದಗಲ್ಲಿಗೆ ಬರುವುದು ಶಾಂತಿಯ ಕಾಲದಲ್ಲೇ ದಿನಗಟ್ಟಲೆಯ ಪಯಣ. ಇಂಥ ಕಾಲದಲ್ಲಿ ಗುರುಗಳ ಭೇಟಿ ಎಷ್ಟು ವಿರಳವಾಗಿದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ.

ಆದರೂ ಹತ್ತೊಂಬತ್ತನೆಯ ಶತಮಾನದ ನಡುವಿಗೆ ಬಂದಾಗ ಮುದಗಲ್ಲಿನಲ್ಲಿ ಕಥೋಲಿಕರಿದ್ದರು. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ಅವರನ್ನು ಬಲ್ಲವನಾಗಿದ್ದನು. ಕನ್ನಡದ ಧರ್ಮಬೋಧೆಯೂ ಪ್ರಾರ್ಥನೆಯೂ ಅವರ ನಡುವೆ ಜೀವಂತವಾಗಿದ್ದವೆಂಬ ಅರಿವು ಅವನ ಬರಹದಲ್ಲಿದೆ. ಚಾಂದಬೀಬಿಯ ಕಾಲವನ್ನು ಕುರಿತು ಅವನು ಬರೆದು 1878ರಲ್ಲಿ ಪ್ರಕಟವಾದ 'ಎ ನೋಬಲ್ ಕ್ವೀನ್' ಕಾದಂಬರಿಯಲ್ಲಿ ಮುದಗಲ್ಲಿನ ಪೋರ್ಚುಗೀಸ್ ಗುರುವೊಬ್ಬನೂ ಅವನ ತಂಗಿಯೂ ಪಾತ್ರಗಳಾಗಿ ಬರುತ್ತಾರೆ. ಕಾದಂಬರಿಯನ್ನು ಚರಿತ್ರೆಯೆಂದು ಯಾರೂ ಓದಬೇಕಾಗಿಲ್ಲ. ಆದರೆ ಪ್ರಾಟೆಸ್ಟಂಟ್ ಆಡಳಿತಗಾರನೊಬ್ಬನ ಮನಸ್ಸಿನಲ್ಲಿ ಅಂಥ ಕಥೆ ಹುಟ್ಟಬೇಕಾದರೆ ಅವನ ಕಣ್ಣೆದುರಿಗೆ ಜೀವಂತ ಸಮುದಾಯವೊಂದು ಇದ್ದಿರಲೇಬೇಕು.

ಕನ್ನಡದ ಮಾತು ಬಂದುದರಿಂದ ಇನ್ನೊಂದು ಸಂಗತಿ. 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಆರಂಭಿಸಿದ ಲಿಯೊನಾರ್ಡೊ ಚಿನ್ನಾಮಿಯವರು ಕನ್ನಡದ ವ್ಯಾಕರಣ, ನಿಘಂಟು, ಧರ್ಮೋಪದೇಶಗಳನ್ನು ರಚಿಸಿದರು. ಬಳ್ಳಾರಿಯಲ್ಲಿ 1810ರಿಂದ ದುಡಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲನ್ನು ಅಚ್ಚಿಗೆ ತಂದರು. 1831ರ ಹೊತ್ತಿಗೆ ಅದು ಪೂರ್ಣವಾಯಿತು. ಈ ಹಿರಿಯರನ್ನು ನಾವು ಗೌರವಿಸುತ್ತೇವೆ. ಆದರೆ ಓದುಬರಹ ಬಾರದ ಮನೆಯಲ್ಲಿ ಇವರ ಪುಸ್ತಕಗಳು ತಾವಾಗಿ ಮಾತನಾಡುತ್ತಿರಲಿಲ್ಲ. ಯಾರೋ ಒಬ್ಬರು ಓದಿ ಹೇಳಬೇಕಿತ್ತು, ಉಳಿದವರು ಬಾಯಿಪಾಠ ಮಾಡಬೇಕಿತ್ತು. ಜಪಮಾಲೆಯ ಪ್ರಾರ್ಥನೆಗಳು, ಹತ್ತು ಆಜ್ಞೆಗಳು, ಪಶ್ಚಾತ್ತಾಪದ ಜಪ, ತಪಸ್ಸುಕಾಲದ ಪಾಡುಗಳ ಹಾಡು, ಸತ್ತವರಿಗಾಗಿ ಹೇಳುವ ಪ್ರಾರ್ಥನೆ: ಇವಿಷ್ಟು ನಾಲಗೆಯ ಮೇಲಿದ್ದರೆ ಒಂದು ಮನೆತನ ಪುಸ್ತಕವಿಲ್ಲದೆಯೂ ವರ್ಷವಿಡೀ ಕಥೋಲಿಕವಾಗಿ ಬದುಕಬಲ್ಲದು. ಉಪದೇಶಿಯ ಕೆಲಸ ಇದೇ ಆಗಿತ್ತು. ಅಜ್ಜಿಯ ಕೆಲಸವೂ ಇದೇ ಆಗಿತ್ತು. ತಿಮೊಥೇಯನ ವಿಶ್ವಾಸವು ಮೊದಲು ಅವನ ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ನೆಲೆಸಿತ್ತೆಂದು ಸಂತ ಪೌಲರು ಬರೆದದ್ದು ವಂಶಾವಳಿಯ ಅಲಂಕಾರಕ್ಕಲ್ಲ.

ಲೋಕದ ಬೇರೆಡೆಯ ಎರಡು ನಿದರ್ಶನಗಳು ಈ ವಿಷಯದಲ್ಲಿ ಬೆಳಕು ನೀಡುತ್ತವೆ. ಕೊರಿಯಾದ ಧರ್ಮಸಭೆ 1784ರಲ್ಲಿ ಆರಂಭವಾದದ್ದು ಶ್ರೀಸಾಮಾನ್ಯ ವಿದ್ವಾಂಸರಿಂದ. ಗುರುಗಳು ಬಂದದ್ದು ಆಮೇಲೆ. ಜಪಾನಿನ ನಾಗಾಸಾಕಿಯಲ್ಲಿ 1865ರ ಮಾರ್ಚ್ 17ರಂದು ಕೆಲವು ಗ್ರಾಮಸ್ಥರು ಫಾದರ್ ಪೆತಿಜಾನರ ಬಳಿಗೆ ಬಂದು ತಮ್ಮ ಹೃದಯವೂ ಅವರ ಹೃದಯವೂ ಒಂದೇ ಎಂಬುದನ್ನು ತಿಳಿಸಿದರು. ಎರಡು ಶತಮಾನಗಳಿಗೂ ಮಿಕ್ಕಿ ಗುರುಗಳಿಲ್ಲದೆ, ಜ್ಞಾನಸ್ನಾನ ಕೊಡುತ್ತ, ಹಬ್ಬಗಳ ಲೆಕ್ಕವಿಡುತ್ತ ಅವರು ಉಳಿದಿದ್ದರು. ಮುದಗಲ್ಲಿನಲ್ಲಿ ಜಪಾನಿನಂಥ ಹಿಂಸೆಯಿರಲಿಲ್ಲ, ಮೌನವೂ ಅಷ್ಟು ದೀರ್ಘವಾಗಿರಲಿಲ್ಲ. ಆದರೂ ಇವೆರಡರ ಬೇರು ಒಂದೇ. ತುರ್ತಿನಲ್ಲಿ ಸರಿಯಾದ ಉದ್ದೇಶವುಳ್ಳ ಯಾವನೇ ವ್ಯಕ್ತಿ ಜ್ಞಾನಸ್ನಾನ ಕೊಡಬಹುದೆಂದು ಇಂದಿನ ಧರ್ಮಸಭಾ ಕಾನೂನಿನ 861ನೆಯ ವಿಧಿಯಲ್ಲಿರುವ ಮಾತು ಧರ್ಮಸಭೆಯ ಬಹು ಹಳೆಯ ಅನುಭವದ ಸಾರ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗುರುಗಳಿಲ್ಲದಿದ್ದರೂ ನಡೆಯುತ್ತದೆ ಎಂಬ ತೀರ್ಮಾನಕ್ಕೆ ಈ ಚರಿತ್ರೆ ದಾರಿಯಲ್ಲ. ಜಪಾನಿನ ಆ ಗುಪ್ತ ಕ್ರೈಸ್ತರಲ್ಲಿ ಎಲ್ಲರೂ ಮರಳಿ ಬರಲಿಲ್ಲ. ತಮ್ಮ ಹಿರಿಯರು ಕೊಟ್ಟ ರೂಪವೇ ಸಾಕೆಂದು ಬೇರೆಯಾಗಿಯೇ ಉಳಿದವರಿದ್ದಾರೆ. ಬಲಿಪೂಜೆಯಿಲ್ಲದ ಸಮುದಾಯ ಹಸಿದ ಸಮುದಾಯ. ಹಸಿವು ಬಹುಕಾಲ ಮುಂದುವರಿದರೆ ಹಸಿವಿನ ನೆನಪೂ ಅಳಿಯುತ್ತದೆ. ಎಡೆದೊರೆ ನಾಡಿನ ಮನೆತನಗಳು ಪ್ರಾರ್ಥನೆಯನ್ನು ಕಾಯ್ದವು. ಪರಮಪ್ರಸಾದವನ್ನು ಅವರೇ ಉಂಟುಮಾಡಲಾರರು. ನಾವು ಹೇಳುವುದಿಷ್ಟೆ: ಗುರುಗಳು ಬಂದಾಗ ಬಲಿಪೀಠದ ಸುತ್ತ ನೆರೆಯಲು ಜನರಿದ್ದರು, ಆ ಜನರನ್ನು ಉಳಿಸಿದವರು ಗುರುಗಳಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆ ಕುಟುಂಬವನ್ನು ಗೃಹಧರ್ಮಸಭೆಯೆಂದು ಕರೆದದ್ದು 'ಲುಮೆನ್ ಜೆನ್ಸಿಯುಮ್' ಶಾಸನದ 11ನೆಯ ಪರಿಚ್ಛೇದದಲ್ಲಿ. ನಮ್ಮ ಪ್ರಬೋಧನೆಗಳಲ್ಲಿ ಈ ಪದ ಹಬ್ಬದ ದಿನದ ಅಲಂಕಾರವಾಗಿಬಿಟ್ಟಿದೆ. ಮುದಗಲ್ಲಿನ ಮಟ್ಟಿಗೆ ಅದು ಅಲಂಕಾರವಲ್ಲ, ಚರಿತ್ರೆಯ ವಾಸ್ತವ.

ಈಗ ಹಂಚಿಕೊಳ್ಳುವ ಮಾತು. ವಿಶ್ವಾಸವನ್ನು ಮನೆಯೊಳಗೆ ಕಾಯುವುದು ಒಂದು. ನೆರೆಯವರ ನಡುವೆ ಅದನ್ನು ಬದುಕುವುದು ಮತ್ತೊಂದು. ಮುದಗಲ್ಲಿನ ಮೊಹರಂ ನಾಡಿಗೆಲ್ಲ ಪ್ರಸಿದ್ಧ. ಅಲಾಯಿ ದೇವರುಗಳ ಮುಂದೆ ಹಿಂದೂಗಳೂ ಮುಸ್ಲಿಮರೂ ಕೂಡಿ ಹರಕೆ ಹೊರುವ ಊರದು. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಬುತ್ತಿ ಹೊತ್ತು ಚರಗ ಚೆಲ್ಲುವ, ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸುವ ಸೀಮೆಯದು. ಇಂಥಲ್ಲಿ ಕಥೋಲಿಕ ರೈತನು ಯಾವುದಕ್ಕೆ ಕೂಡಬೇಕು, ಯಾವುದರಿಂದ ಹಿಂದೆ ಸರಿಯಬೇಕು? 1659ರಲ್ಲಿ ಧರ್ಮಪ್ರಚಾರ ಸಂಸ್ಥೆ ಪೂರ್ವದೇಶಗಳ ಪ್ರೇಷಿತ ಪ್ರತಿನಿಧಿಗಳಿಗೆ ಕೊಟ್ಟ ಸೂಚನೆ, ಧರ್ಮಕ್ಕೂ ಸದಾಚಾರಕ್ಕೂ ಸ್ಪಷ್ಟವಾಗಿ ವಿರುದ್ಧವಲ್ಲದ ಯಾವ ನಡವಳಿಕೆಯನ್ನೂ ಬದಲಿಸಲು ಹೋಗಬೇಡಿರೆಂದಿತು. ಯೂರೋಪನ್ನು ಹೊತ್ತುಕೊಂಡು ಹೋಗಬೇಡಿ, ವಿಶ್ವಾಸವನ್ನು ಕೊಂಡೊಯ್ಯಿರಿ ಎಂಬುದು ಅದರ ತಾತ್ಪರ್ಯ. ಎತ್ತನ್ನು ಸಿಂಗರಿಸುವುದರಲ್ಲಿಯೂ, ಹೊಲದಲ್ಲಿ ಊರವರೊಡನೆ ಕುಳಿತು ಉಣ್ಣುವುದರಲ್ಲಿಯೂ ವಿಗ್ರಹಾರಾಧನೆಯಿದೆಯೆಂದು ನಾವು ಎಣಿಸುವುದಿಲ್ಲ. ಬೆಳೆಯ ದೇವರು ಯಾರೆಂಬ ಪ್ರಶ್ನೆ ಊಟದ ನಡುವೆ ಬಂದರೆ, ಆ ಉತ್ತರವೇ ಶುಭಸಂದೇಶದ ಹಂಚಿಕೆ. ಊಟಕ್ಕೇ ಹೋಗದವನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ಜಗದ್ಗುರು ಆರನೆಯ ಪೌಲರು 1975ರ 'ಇವಾಂಜೆಲಿಯಿ ನುನ್ಸಿಯಾಂದಿ' ಪತ್ರದ 21ನೆಯ ಪರಿಚ್ಛೇದದಲ್ಲಿ ವಿವರಿಸಿದ ಮಾತಿಲ್ಲದ ಸಾಕ್ಷ್ಯ ಇಂಥದೇ: ಜೊತೆಯಲ್ಲಿ ಬಾಳುವವರ ಮನಸ್ಸಿನಲ್ಲಿ ಪ್ರಶ್ನೆಗಳನ್ನು ಎಬ್ಬಿಸುವ ಬಾಳು.

ಇಪ್ಪತ್ತನೆಯ ಶತಮಾನದಲ್ಲಿ ಈ ನಾಡಿನ ಚಿತ್ರ ಬದಲಾಯಿತು. ನಿಜಾಮರ ಆಳ್ವಿಕೆಯಲ್ಲಿ ಪ್ರತ್ಯೇಕ ಜಿಲ್ಲೆಯಾಗಿದ್ದ ಲಿಂಗಸುಗೂರು 1905ರಲ್ಲಿ ಆ ಸ್ಥಾನ ಕಳೆದುಕೊಂಡಿತು. 1949ರಲ್ಲಿ ಬಳ್ಳಾರಿ ಧರ್ಮಪ್ರಾಂತ್ಯ ರೂಪುಗೊಂಡು, ರಾಯಚೂರು ಸೀಮೆಯ ಹೊಣೆ ಕಾಲಕ್ರಮದಲ್ಲಿ ಅದರದಾಯಿತು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ, ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಜೋಳದ ನೆಲವನ್ನು ಭತ್ತದ ಗದ್ದೆಯಾಗಿಸಿತು. ಆಂಧ್ರದ ರೈತರು ಬಂದು ಕ್ಯಾಂಪುಗಳಲ್ಲಿ ನೆಲೆಸಿದರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಸಿಂಧನೂರಿನ ಬಳಿ ನೆಲೆ ದೊರೆಯಿತು. ಕಾಲುವೆಯ ನೀರು ತಲುಪದ ಹಳ್ಳಿಗಳಿಂದ ಜನ ಬೆಂಗಳೂರಿಗೂ ಪುಣೆಗೂ ಗುಳೆ ಹೋಗುತ್ತಾರೆ. ಹೀಗೆ ಒಂದೇ ತಾಲೂಕಿನಲ್ಲಿ ಬಂದವರೂ ಇದ್ದಾರೆ, ಹೋದವರೂ ಇದ್ದಾರೆ. ಭಾನುವಾರ ದೇವಾಲಯದ ಬಾಗಿಲು ತೆರೆದು ಕಾಯುವ ಗುರುವಿಗೆ ಗುಳೆ ಹೋದ ಕುಟುಂಬ ಸಿಗುವುದಿಲ್ಲ. ಕಟ್ಟಡದ ಕೆಲಸ ನಡೆಯುವಲ್ಲಿ ತಗಡಿನ ಶೆಡ್ಡಿನೊಳಗೆ ಸಂಜೆ ಹೇಳುವ ಜಪವೇ ಆ ಕುಟುಂಬದ ಧರ್ಮಕೇಂದ್ರ. ಮುದಗಲ್ಲಿನ ಹಿರಿಯರ ಕಾಲ ಮತ್ತೊಂದು ರೂಪದಲ್ಲಿ ಮರಳಿ ಬಂದಿದೆ ಎನ್ನಬೇಕು.

ಇನ್ನೊಂದು ಮುಳ್ಳು ಇದೆ, ಅದನ್ನು ನಮ್ಮ ಪತ್ರಿಕೆಗಳು ಮೆಲ್ಲಗೆ ಮುಟ್ಟಿ ಬಿಡುತ್ತವೆ. ಈ ಸೀಮೆಯಲ್ಲಿ ಯೇಸುವನ್ನು ಒಪ್ಪಿಕೊಂಡ ದಲಿತ ಕುಟುಂಬಗಳ ಎದುರಿಗೆ 1950ರ ರಾಷ್ಟ್ರಪತಿಗಳ ಆದೇಶ ನಿಂತಿದೆ. ಪರಿಶಿಷ್ಟ ಜಾತಿಯ ಮಾನ್ಯತೆ ಮೊದಲು ಹಿಂದೂಗಳಿಗೆ ಮಾತ್ರ ಇತ್ತು, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು, ಕ್ರೈಸ್ತರಿಗೆ ಇಲ್ಲ. ಆದುದರಿಂದ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಜ್ಞಾನಸ್ನಾನದ ದಾಖಲೆಯಲ್ಲಿ ಇನ್ನೊಂದು ಹೆಸರು ಎಂಬಂತೆ ಬಾಳುವ ಕುಟುಂಬಗಳಿವೆ. ನಗರದಿಂದ ಬಂದ ಗುರುಗಳು ಇದನ್ನು ಹೇಡಿತನವೆನ್ನುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಮಗಳ ವಿದ್ಯಾರ್ಥಿವೇತನವನ್ನೂ ಮನೆಯ ಜಪಮಾಲೆಯನ್ನೂ ಎರಡನ್ನೂ ಬಿಡದೆ ಹಿಡಿದ ತಾಯಿಗೆ ಧೈರ್ಯದ ಪಾಠ ಹೇಳುವ ಮೊದಲು ಅನ್ಯಾಯವಿರುವುದು ಆ ಆದೇಶದಲ್ಲೆಂದು ಬಹಿರಂಗವಾಗಿ ಹೇಳುವ ಕರ್ತವ್ಯ ನಮ್ಮದು. ಜೊತೆಗೆ, ನಮ್ಮ ದೇವಾಲಯಗಳೊಳಗೇ ಜಾತಿ ಎಷ್ಟು ಉಳಿದಿದೆಯೆಂದು ನೋಡಿಕೊಳ್ಳುವ ಕರ್ತವ್ಯವೂ ನಮ್ಮದೇ.

2022ರಲ್ಲಿ ಕರ್ನಾಟಕದಲ್ಲಿ ಮತಾಂತರವನ್ನು ನಿರ್ಬಂಧಿಸುವ ಕಾನೂನು ಬಂದಿತು. 2023ರ ಜೂನಿನಲ್ಲಿ ಮುಂದಿನ ಸರ್ಕಾರದ ಸಚಿವ ಸಂಪುಟ ಅದನ್ನು ಹಿಂತೆಗೆದುಕೊಳ್ಳಲು ತೀರ್ಮಾನಿಸಿತು. ಕಾನೂನು ಬರಲಿ ಹೋಗಲಿ, ಅನುಮಾನದ ಕಣ್ಣು ಹಳ್ಳಿಗಳಲ್ಲಿ ಉಳಿದಿದೆ. ನಿಮ್ಮ ಭರವಸೆಗೆ ಕಾರಣ ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ವಿನಯದಿಂದ ಹೇಳಿರಿ ಎಂಬ ಅರ್ಥದ ಬೋಧೆಯನ್ನು ಸಂತ ಪೇತ್ರರ ಮೊದಲನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ ಓದುತ್ತೇವೆ. ಆ ಪತ್ರವನ್ನು ಬರೆದದ್ದೂ ನೆರೆಹೊರೆಯವರ ಅನುಮಾನದ ನಡುವೆ ಚದರಿ ಬಾಳುತ್ತಿದ್ದ ಸಣ್ಣ ಸಮುದಾಯಗಳಿಗೆ. ಕೇಳುವವರಿಗೆ ಹೇಳಬೇಕು, ಕೇಳುವಂತೆ ಬಾಳಬೇಕು, ಅದಕ್ಕಿಂತ ಹೆಚ್ಚಿನ ಒತ್ತಾಯ ಸುವಾರ್ತೆಗೆ ಬೇಕಿಲ್ಲ.

2021ರ ಮೇ 10ರಂದು ಜಗದ್ಗುರು ಫ್ರಾನ್ಸಿಸರು 'ಆಂತೀಕ್ವುಮ್ ಮಿನಿಸ್ತೇರಿಯುಮ್' ಪತ್ರದ ಮೂಲಕ ಉಪದೇಶಿಗಳ ಸೇವೆಯನ್ನು ಶಾಶ್ವತ ಸೇವೆಯಾಗಿ ಸ್ಥಾಪಿಸಿದರು. ಪುರಾತನ ಸೇವೆ ಎಂದೇ ಅದರ ಹೆಸರು. ಎಡೆದೊರೆ ನಾಡಿನಲ್ಲಿ ಅದನ್ನು ಹೊಸದಾಗಿ ಆರಂಭಿಸಬೇಕಾಗಿಲ್ಲ, ಇದ್ದುದನ್ನು ಗುರುತಿಸಿದರಾಯಿತು. ಗುರುತಿಸುವ ಕೆಲಸಕ್ಕೆ ಮೊದಲು ಕೇಳಿಸಿಕೊಳ್ಳುವ ಕೆಲಸವಿದೆ. ಬೇಸಿಗೆಯ ರಜೆಯಲ್ಲಿ ಈ ತಾಲೂಕುಗಳಿಗೆ ಹೋಗುವ ಗುರು ಅಭ್ಯರ್ಥಿಗಳು ಗಿಟಾರು ಕಲಿಸುವುದನ್ನು ಒಂದೆರಡು ದಿನ ಮುಂದೂಡಿ, ಊರಿನ ಎಪ್ಪತ್ತು ದಾಟಿದ ಅವ್ವಂದಿರ ಬಳಿ ಕುಳಿತು ಅವರಿಗೆ ಬರುವ ಜಪಗಳನ್ನೂ ಹಾಡುಗಳನ್ನೂ ಅವರು ಉಚ್ಚರಿಸಿದಂತೆಯೇ ಬರೆದುಕೊಳ್ಳಲಿ. ಯಾರಿಂದ ಕಲಿತರು, ಯಾವ ಹಬ್ಬಕ್ಕೆ ಹಾಡುತ್ತಿದ್ದರು, ಗುರುಗಳಿಲ್ಲದಾಗ ಹೆಣಕ್ಕೆ ಯಾರು ಪ್ರಾರ್ಥನೆ ಹೇಳುತ್ತಿದ್ದರು ಎಂದು ಕೇಳಲಿ. ನಮ್ಮ ಅಚ್ಚಿನ ಪ್ರಾರ್ಥನಾ ಪುಸ್ತಕಕ್ಕೆ ಹೊಂದದ ಪದ ಬಂದರೆ ತಿದ್ದದೆ ಹಾಗೆಯೇ ಬರೆಯಲಿ. ಆ ಹಾಳೆಗಳನ್ನು ಧರ್ಮಕೇಂದ್ರದಲ್ಲಿ ಜ್ಞಾನಸ್ನಾನದ ದಾಖಲೆ ಪುಸ್ತಕದ ಪಕ್ಕದಲ್ಲಿಯೇ ಇರಿಸಬೇಕು.